ಕೈಯಾಡದ ಪ್ರತಿ

ಅಲೆಕ್ಸಾಂಡ್ರಿಯಾ
5 ಫೆಬ್ರವರಿ 2016

ಲುತ್ಫಿ,

ನಿನ್ನೆ ಮೀನಂಗಡಿಯ ಮುಂದೆ ನಿನ್ನ ಅಮ್ಮ ಸಿಕ್ಕಿದ್ದಳು. ಇಡೀ ಬೀದಿಗೆ ಕೇಳುವ ಹಾಗೆ ಹೇಳಿದಳು: "ನಮ್ಮ ಹುಡುಗ ಕುವೈತಲ್ಲಿ ದೊಡ್ಡ ಮನುಷ್ಯ ಆಗಿಬಿಟ್ಟಿದಾನೆ ಕಣೇ ಸುಹೈರ್, ಸತ್ತುಹೋಗಿರೋ ಫ್ಲಾಪಿಗಳಿಗೆಲ್ಲ ಜೀವ ಕೊಡ್ತಾನೆ." ನನಗೆ ನಗು ತಡೆಯಲಾಗಲಿಲ್ಲ. ಬದುಕಿರುವ ತಾಯಿಗೆ ತಿಂಗಳುಗಟ್ಟಲೆ ಫೋನು ಮಾಡದವನು ಫ್ಲಾಪಿಗೆ ಜೀವ ಕೊಡುತ್ತಾನಂತೆ! ಮುಖ ಊದಿಸಿಕೊಳ್ಳಬೇಡ. ನಮ್ಮ ಅಡುಗೆಮನೆಯ ಕರಿದ ಮೀನು ತಿಂದು ಬೆಳೆದವನು ನೀನು, ನಿನ್ನನ್ನು ಬೈಯುವ ಹಕ್ಕು ನನಗಿದೆ.

ಈಗ ಕೆಲಸದ ಮಾತು. ನಮ್ಮ ವಗೀಹ್‌ನ ಕಂಪ್ಯೂಟರ್ ನೆನಪಿದೆಯಲ್ಲ? ಟಿವಿಗೆ ಸಿಕ್ಕಿಸುವ, ಅರಬ್ಬಿ ಕೀಲಿಮಣೆಯ ಆ ಕಪ್ಪು ಪೆಟ್ಟಿಗೆ? ತೊಂಬತ್ತರ ಯುದ್ಧಕ್ಕೆ ಮುಂಚೆ ಕುವೈತಿನ ಕೆಲಸದಿಂದ ರಜೆಗೆ ಬಂದಾಗ ಹೊತ್ತು ತಂದಿದ್ದ. ನೀನು ಚಡ್ಡಿ ಎಳೆದುಕೊಳ್ಳುತ್ತ ಓಡಿ ಬಂದು ನನ್ನ ತಮ್ಮನ ಪಕ್ಕ ಕುಳಿತು 'ಮುತ್ತಿನ ದಾರಿ' ಆಡುತ್ತಿದ್ದೆ. ಬಸ್ರಾದಲ್ಲಿ ಖರ್ಜೂರ ತುಂಬಿಕೊಂಡು ಜಾಂಜಿಬಾರಿಗೆ ಹೋಗುವ ಹಾಯಿಹಡಗಿನ ಆಟ. ಅದರ ಡಿಸ್ಕು ಇನ್ನೂ ನನ್ನ ಹತ್ತಿರ ಇದೆ. ಅವನು ಅರ್ಧಕ್ಕೆ ನಿಲ್ಲಿಸಿ ಉಳಿಸಿಟ್ಟ ಪಯಣವೂ ಅದರಲ್ಲೇ ಇದೆ. ಕಪ್ತಾನ: ವಗೀಹ್. ಹಡಗು: ಉಮ್ ವಗೀಹ್. ಸಮುದ್ರ: ಶಾಂತ. 'ವಗೀಹ್‌ನ ಅಮ್ಮ' ಅಂತ ಹಡಗಿಗೆ ಅಮ್ಮನ ಹೆಸರನ್ನೇ ಇಟ್ಟಿದ್ದ, ಕೋತಿ.

ಅವನು ಕಾರ್ನಿಷ್ ರಸ್ತೆ ದಾಟುವಾಗ ಮಿನಿಬಸ್ಸಿಗೆ ಸಿಕ್ಕಿದ್ದು ನಿನಗೆ ಗೊತ್ತು. ಅಮ್ಮನಿಗೆ ಈಗ ಗೊತ್ತಿಲ್ಲ. ನಾಲ್ಕು ವರ್ಷದ ಹಿಂದೆ ಲಕ್ವ ಹೊಡೆದ ಮೇಲೆ ಅದೊಂದು ಅಳಿಸಿಹೋಯಿತು. "ವಗೀಹ್ ಎಲ್ಲೇ?" ಅಂದಳು. "ಸಮುದ್ರದ ಮೇಲಿದಾನಮ್ಮ" ಅಂದುಬಿಟ್ಟೆ. "ತೋರ್ಸು" ಅಂದಳು. ಏನು ಮಾಡಲಿ? ಕಂಪ್ಯೂಟರ್ ಹಚ್ಚಿ ಹಡಗು ತೋರಿಸಿದೆ. ಅಂದಿನಿಂದ ಪ್ರತಿ ಶುಕ್ರವಾರ ಊಟವಾದ ಮೇಲೆ ಅಮ್ಮ ಕಾಫಿ ಹಿಡಿದು ಟಿವಿಯ ಮುಂದೆ ಕೂರುತ್ತಾಳೆ. ನಾನು ಒಂದು ಕೀಲಿಯನ್ನೂ ಒತ್ತುವುದಿಲ್ಲ. ಹಡಗು ನಿಂತಲ್ಲೇ ನಿಂತು ತೂಗುತ್ತಿರುತ್ತದೆ. "ಸಮುದ್ರ ಶಾಂತ ಇದೆ, ದೇವರು ದೊಡ್ಡವನು" ಎಂದು ಅಮ್ಮ ಮಲಗಲು ಹೋಗುತ್ತಾಳೆ. ಇಡೀ ವಾರ ಮತ್ತೆ ಕೇಳುವುದಿಲ್ಲ.

ಈಗ ಡಿಸ್ಕು ಸಾಯುತ್ತಿದೆ. ಮೂರು ಸಲ ಹಾಕಿದರೆ ಒಂದು ಸಲ ಏಳುತ್ತದೆ. ಮನ್ಶಿಯ್ಯಾದ ರಿಪೇರಿಯವನ ಹತ್ತಿರ ನಕಲು ಮಾಡಿಸಿದೆ, ಆ ನಕಲು 'ಕಳ್ಳಮಾಲು' ಎಂದು ಬೈದು ನಿಂತುಬಿಡುತ್ತದೆ. ಅಮ್ಮನಿಗೆ ಎಂಬತ್ತಾರು. ಅವಳು ಇರುವವರೆಗೆ ಆ ಹಡಗು ಇರಬೇಕು, ನನಗೆ ಬೇರೇನೂ ಬೇಡ. ನಿನ್ನಿಂದ ಆಗುತ್ತದೆಯೋ ಇಲ್ಲವೋ ಹೇಳು.

ನಿನ್ನ ಅಕ್ಕ,
ಸುಹೈರ್


ಕುವೈತ್
20 ಫೆಬ್ರವರಿ 2016

ಪ್ರೀತಿಯ ಸುಹೈರ್ ಅಕ್ಕ,

ಮೊದಲು ಒಂದು ಮಾತು: ಆ ಡಿಸ್ಕನ್ನು ಇನ್ನೊಂದು ಸಲ ಡ್ರೈವಿಗೆ ಹಾಕಬೇಡಿ! ನಿಮ್ಮ ಕಾಲು ಹಿಡಿದುಕೊಳ್ಳುತ್ತೇನೆ. ಅದರ ಮೈಗೆ ಬೂಷ್ಟು ಹಿಡಿದಿರಬೇಕು. ಹಾಗೆಯೇ ತಿರುಗಿಸಿದರೆ ಲೇಪವೇ ಕೆರೆದು ಬಂದುಬಿಡುತ್ತದೆ.

ನಿಮ್ಮ ಕಾಗದ ಓದಿ ರಾತ್ರಿಯಿಡೀ ನಿದ್ದೆ ಬರಲಿಲ್ಲ. 'ಮುತ್ತಿನ ದಾರಿ'ಯನ್ನು ಮಾಡಿದ್ದು ಇಲ್ಲಿನ ಒಂದು ಸಣ್ಣ ಕಂಪನಿ. ಯುದ್ಧದಲ್ಲಿ ಅವರ ಗೋದಾಮು ಲೂಟಿಯಾಗಿ ಮಾಲೆಲ್ಲ ಹೋಯಿತು. ನನಗೆ ಗೊತ್ತಿದ್ದಂತೆ ಉಳಿದದ್ದು ಒಂದೇ ಒಂದು, ದಮಾಸ್ಕಸ್‌ನಿಂದ ಬಂದದ್ದು, ನನ್ನ ಬಳಿಯೇ ಇದೆ. ಅದರಲ್ಲಿ ಅರ್ಧ ಭಾಗ ಸತ್ತುಹೋಗಿದೆ. ನಿಮ್ಮದು ಎರಡನೆಯದು.

ರಿಪೇರಿಯವನ ನಕಲು ಯಾಕೆ ನಡೆಯಲಿಲ್ಲ ಹೇಳುತ್ತೇನೆ. ಡಿಸ್ಕಿನ ಮೇಲೆ ಸುತ್ತು ಸುತ್ತಾಗಿ ಬರೆದಿರುತ್ತಾರೆ, ಆಟದ ಬೀಗ ಅದರ ಒಂದು ಸುತ್ತಿನಲ್ಲಿದೆ. ಅಲ್ಲಿ ಸ್ವಲ್ಪ ಜಾಗವನ್ನು ಕಾರ್ಖಾನೆಯಲ್ಲಿ ಬೇಕೆಂದೇ ಅರೆಬರೆ ಬರೆದಿದ್ದಾರೆ. ಒಂದು ಸಲ ಓದಿದರೆ ಒಂದು ಉತ್ತರ, ಇನ್ನೊಂದು ಸಲ ಓದಿದರೆ ಇನ್ನೊಂದು, ನಮ್ಮ ಬೀದಿಯ ತರಕಾರಿಯವನು ಬೆಲೆ ಹೇಳುವ ಹಾಗೆ. ಮನೆಯ ಡ್ರೈವಿನಲ್ಲಿ ನಕಲು ಮಾಡಿದರೆ ಆ ಜಾಗ ಒಂದೇ ಉತ್ತರಕ್ಕೆ ಗಟ್ಟಿಯಾಗಿಬಿಡುತ್ತದೆ. ಆಟ ಎರಡು ಸಲ ಕೇಳಿ ನೋಡುತ್ತದೆ, ಉತ್ತರ ಬದಲಾಗದಿದ್ದರೆ ಕಳ್ಳನನ್ನು ಹಿಡಿದ ಹಾಗೆ ಕೂಗುತ್ತದೆ. ನನ್ನ ಯಂತ್ರ ಹಾಗಲ್ಲ. ಡಿಸ್ಕಿನ ಮೇಲಿನ ಕಾಂತದ ಏರಿಳಿತವನ್ನೇ ಇದ್ದ ಹಾಗೆ ಎತ್ತಿಕೊಳ್ಳುತ್ತದೆ, ಬೀಗವನ್ನೂ ಸೇರಿಸಿ.

ಡಿಸ್ಕಿನ ಅಂಚಿನಲ್ಲಿ ಒಂದು ಕಚ್ಚು ಇರುತ್ತದೆ. ಅದರ ಮೇಲೆ ಕಪ್ಪು ಅಂಟುಪಟ್ಟಿ ಹಚ್ಚಿ, ಆಗ ಯಾವ ಯಂತ್ರವೂ ಅದರ ಮೇಲೆ ಬರೆಯಲಾರದು. ಅಂಚೆಗೆ ಹಾಕಬೇಡಿ, ಬರುವವರ ಕೈಯಲ್ಲಿ ಕೊಡಿ. ಪೆಟ್ಟಿಗೆ ಇದೆಯೇ? ಕೈಪಿಡಿ? ಆಟ ಶುರುವಾಗುವಾಗ ಕೇಳುವ ಗುರುತುಗಳ ಕೆಂಪು ಹಾಳೆ? ಎಲ್ಲ ಕಳಿಸಿ.

ವಗೀಹಣ್ಣನ ಹಡಗಿನ ಒಂದು ಹಲಗೆಯೂ ಅಲ್ಲಾಡುವುದಿಲ್ಲ. ಇದು ನನ್ನ ಮಾತು. ಉಮ್ ವಗೀಹ್ ಅವರ ಕೈಗೆ ನನ್ನ ಮುತ್ತು.

ನಿಮ್ಮ
ಲುತ್ಫಿ


ಅಲೆಕ್ಸಾಂಡ್ರಿಯಾ
11 ಮಾರ್ಚ್ 2016

ಲುತ್ಫಿ,

ಹಾಜಿ ಬಯೂಮಿಯ ಅಳಿಯ ಕುವೈತಿಗೆ ಹೊರಟಿದ್ದಾನೆ. ಬಿಸ್ಕತ್ತಿನ ಡಬ್ಬಿಯಲ್ಲಿ ಡಿಸ್ಕು ಇದೆ. ಮೇಲೆ ಬಿಸ್ಕತ್ತೂ ಇದೆ, ಅದನ್ನು ಅವನು ದಾರಿಯಲ್ಲಿ ಮುಗಿಸದೆ ಇದ್ದರೆ ನಿನ್ನ ಪುಣ್ಯ. ಕಚ್ಚಿನ ಮೇಲೆ ಪಟ್ಟಿ ಹಚ್ಚಿದ್ದೇನೆ.

ಕೆಂಪು ಹಾಳೆ ಕೊಡುವುದಿಲ್ಲ. ಜೆರಾಕ್ಸ್ ಮಾಡಿದರೆ ಬರೀ ಕಪ್ಪು ಬರುವ ಹಾಗೆ ಕೆಂಪು ಕಾಗದದ ಮೇಲೆ ಕಪ್ಪು ಮಸಿಯಲ್ಲಿ ಅಚ್ಚು ಹಾಕಿದ್ದಾರಲ್ಲ, ಇರುವುದು ಅದೊಂದೇ. ಬೀಗವನ್ನೂ ಬೀಗದ ಕೈಯನ್ನೂ ಒಟ್ಟಿಗೆ ಕಳಿಸಲು ನನಗೇನು ತಲೆ ಕೆಟ್ಟಿದೆಯೇ? ಮೊದಲನೆಯ ಸಾಲಿನ ಗುರುತುಗಳನ್ನು ಕೈಯಲ್ಲಿ ಬಿಡಿಸಿ ಇಟ್ಟಿದ್ದೇನೆ. ಆಟ ಯಾವ ಸಾಲು ಬೇಕಾದರೂ ಕೇಳುತ್ತದೆ. ಮೊದಲ ಸಾಲು ಕೇಳುವವರೆಗೆ ನೀನು ಆರಿಸಿ ಹಚ್ಚುತ್ತಿರು. ದೊಡ್ಡ ಮನುಷ್ಯನಿಗೆ ಅಷ್ಟು ಬಿಡುವು ಇರುತ್ತದೆ.

ಇವತ್ತು ಶುಕ್ರವಾರ. ಅಮ್ಮ ಕಾಫಿ ಹಿಡಿದು ಬಂದು ಕುಳಿತಳು. ನಾನು ಖಾಲಿ ಟಿವಿ ತೋರಿಸಿ, "ಮಂಜು ಕವಿದಿದೆಯಮ್ಮ, ಏನೂ ಕಾಣ್ಸಲ್ಲ" ಅಂದೆ. "ಮಂಜಲ್ಲಿ ಹಡಗು ಬಿಡೋ ಮುಠ್ಠಾಳ ಅಲ್ಲ ನನ್ಮಗ, ಬಂದರಲ್ಲೇ ಇರ್ತಾನೆ" ಅಂದಳು. ಸದ್ಯ, ನಂಬಿದಳು. ಎಷ್ಟು ವಾರ ಮಂಜು ಕವಿಸಲಿ? ಬೇಗ ಮಾಡು.

ಸುಹೈರ್


ಕುವೈತ್
3 ಏಪ್ರಿಲ್ 2016

ಸುಹೈರ್ ಅಕ್ಕ,

ಡಿಸ್ಕು ತಲುಪಿತು. ಬಿಸ್ಕತ್ತು ತಲುಪಲಿಲ್ಲ.

ಬೂಷ್ಟು ತೊಳೆದು ಓದಿದೆ. ಎಲ್ಲ ಸುತ್ತೂ ಸಿಕ್ಕಿದವು, ಬೀಗವೂ. ಒಂದೇ ಒಂದು ತೊಡಕು. ಹಳೆಯ ಡಿಸ್ಕುಗಳನ್ನು ಕಾಪಾಡುವವರದ್ದು ಒಂದು ಬಳಗವಿದೆ, ಎಲ್ಲ ಯುರೋಪಿನವರು. ನಾವು ಎತ್ತಿಕೊಂಡದ್ದನ್ನು ಅವರು ಪರೀಕ್ಷೆ ಮಾಡುತ್ತಾರೆ. ಕಾರ್ಖಾನೆಯ ಯಂತ್ರ ಬರೆದದ್ದಕ್ಕೂ ಮನೆಯ ಡ್ರೈವು ಬರೆದದ್ದಕ್ಕೂ ಕೈಬರಹದಷ್ಟೇ ವ್ಯತ್ಯಾಸ, ನೋಡಿದರೆ ತಿಳಿಯುತ್ತದೆ. ನಿಮ್ಮ ಡಿಸ್ಕಿನ ಒಂದು ಸುತ್ತಿಗೆ 'ಕೈಯಾಡಿದ ಪ್ರತಿ' ಎಂದು ಮುದ್ರೆ ಒತ್ತಿ ವಾಪಸು ಕಳಿಸಿದರು. ಕೈಯಾಡಿದ್ದನ್ನು ಅವರು ಪಟ್ಟಿಗೆ ಸೇರಿಸುವುದಿಲ್ಲ.

ಹತ್ತು ವರ್ಷದಿಂದ ಅವರ ಬಾಗಿಲು ತಟ್ಟುತ್ತಿದ್ದೇನೆ ಅಕ್ಕ. ನಾನು ಅವರಿಗೆ ಅರಬ್ಬಿ ಓದಿ ಹೇಳುವ ಆಳು ಅಷ್ಟೇ. ಆ ಪಟ್ಟಿಯಲ್ಲಿ ನಮ್ಮವನ ಹೆಸರು ಒಂದೂ ಇಲ್ಲ.

ದಾರಿ ಹುಡುಕುತ್ತಿದ್ದೇನೆ. ಕೆಂಪು ಹಾಳೆಯ ಚಿತ್ರವನ್ನೂ ಕೇಳುತ್ತಿದ್ದಾರೆ, ಯೋಚನೆ ಮಾಡಿ.

ಲುತ್ಫಿ


ಅಲೆಕ್ಸಾಂಡ್ರಿಯಾ
22 ಏಪ್ರಿಲ್ 2016

ಲುತ್ಫಿ,

ಏನು ಮಾತು ಅಂತ ಆಡುತ್ತೀಯ? ಕೈಯಾಡಿದ್ದಂತೆ! ನಾನೇನು ಡಿಸ್ಕಿನ ಮೇಲೆ ಮೀನು ಹೆಚ್ಚಿದೆನೇ? ಇಪ್ಪತ್ತೈದು ವರ್ಷ ನುಸಿಗುಳಿಗೆಯ ಜೊತೆ ಬೀರುವಿನಲ್ಲಿ ಇಟ್ಟು ಕಾಪಾಡಿದ್ದೇನೆ. ಅದರ ಮೇಲೆ ಆಡಿದ್ದು ವಗೀಹ್‌ನ ಕೈ ಒಂದೇ. ಅವನ ಕೈಯಾಡಿದ್ದಕ್ಕೇ ಅದು ನನಗೆ ಬೇಕಾಗಿರುವುದು. ನಿನ್ನ ಯುರೋಪಿನವರ ಮುದ್ರೆ ಕಟ್ಟಿಕೊಂಡು ನಾನೇನು ಮಾಡಲಿ, ಉಪ್ಪಿನಕಾಯಿ ಹಾಕಲೇ? ನನ್ನಿಂದ ತಪ್ಪಾಗಿದೆ ಎಂದು ಸುತ್ತಿ ಬಳಸಿ ಹೇಳುತ್ತಿದ್ದರೆ ನೇರವಾಗಿ ಹೇಳು. ಅಡ್ಡಗೋಡೆಯ ಮೇಲೆ ದೀಪ ಇಡಬೇಡ.

ಅಮ್ಮನ ಮಂಜು ಮುಗಿಯಿತು. ಕಳೆದ ಶುಕ್ರವಾರ, "ಏಪ್ರಿಲಲ್ಲಿ ಎಂಥ ಮಂಜೇ? ನನ್ನ ಕಿವಿ ಮೇಲೆ ಹೂವು ಇಡ್ತೀಯಾ?" ಎಂದು ಟಿವಿಗೆ ಕೋಲಿನಿಂದ ಹೊಡೆದಳು. ನಿದ್ದೆ ಮಾಡುವುದಿಲ್ಲ. ರೊಟ್ಟಿ ಹರಿದು ಅರ್ಧ ತಿಂದು ಅರ್ಧ ಅವನಿಗೆ ಎಂದು ದಿಂಬಿನ ಕೆಳಗೆ ಇಡುತ್ತಾಳೆ. ಇರುವೆ ಬಂದರೆ ನಾನು ಗುಡಿಸುತ್ತೇನೆ. ನನಗೂ ಅರವತ್ತಾರು ಕಣೋ, ನನ್ನ ಸೊಂಟವೂ ಬಿದ್ದುಹೋಗಿದೆ.

ನಿನ್ನ ಪಟ್ಟಿ ಆಮೇಲೆ. ಮೊದಲು ನನ್ನ ಹಡಗು ಕಳಿಸು.

ಸುಹೈರ್


ಕುವೈತ್
20 ಮೇ 2016

ನನ್ನ ಪ್ರೀತಿಯ ಅಕ್ಕ,

ಸಿಹಿ ಹಂಚಿ! ಒಪ್ಪಿದರು! 'ಮುತ್ತಿನ ದಾರಿ, ಕೈಯಾಡದ ಪ್ರತಿ, ಕಾಪಾಡಿದವರು: ಲುತ್ಫಿ ಅಲ್-ದಮನ್‌ಹೂರಿ.' ಆ ಪಟ್ಟಿಯಲ್ಲಿ ಮೊದಲನೆಯ ಅರಬ್ಬಿ ಹೆಸರು. ಇಲ್ಲಿನ ಗೆಳೆಯರು ಕುರಿ ಕೊಯ್ದು ಔತಣ ಮಾಡಿದರು. ಒಬ್ಬ ಜರ್ಮನಿಯವನು ತಾನಾಗಿಯೇ ಬರೆದ, ಹತ್ತು ವರ್ಷದಲ್ಲಿ ಮೊದಲ ಸಲ ನನ್ನನ್ನು ಹೆಸರು ಹಿಡಿದು ಕರೆದಿದ್ದಾನೆ. ಅದನ್ನು ಓದಿ ಮಗುವಿನ ಹಾಗೆ ಅತ್ತೆ.

ಇದರ ಜೊತೆ ಹೊಸ ಡಿಸ್ಕು ಕಳಿಸಿದ್ದೇನೆ, ಬೀಗದ ಸಮೇತ. 'ಕಳ್ಳಮಾಲು' ಎನ್ನುವುದಿಲ್ಲ. ನಿಮ್ಮ ಹಳೆಯದು ನನ್ನ ಗಾಜಿನ ಕಪಾಟಿನಲ್ಲಿ, ಸರಿಯಾದ ತಂಪಿನಲ್ಲಿ ಸುಖವಾಗಿದೆ. ಅಲೆಕ್ಸಾಂಡ್ರಿಯಾದ ಉಪ್ಪುಗಾಳಿಗೆ ಅದನ್ನು ಮತ್ತೆ ಕಳಿಸುವುದು ಪಾಪ, ನೀವೇ ಒಪ್ಪುತ್ತೀರಿ.

ಹೊಸದು ಎಷ್ಟು ಶುದ್ಧವಾಗಿದೆಯೆಂದರೆ ಈಗಷ್ಟೇ ಕಾರ್ಖಾನೆಯಿಂದ ಬಂದ ಹಾಗಿದೆ. ಉಮ್ ವಗೀಹ್ ಅವರ ಕೈಯಿಂದಲೇ ಕಪ್ತಾನನ ಹೆಸರು ಒತ್ತಿಸಿ, ಹೊಸ ಪಯಣ ಶುರು ಮಾಡಿಸಿ. ಎಷ್ಟು ಖುಷಿಯಾಗುತ್ತದೆ ನೋಡಿ ಅವರಿಗೆ!

ಈಗ ಉಳಿದಿರುವುದು ಕೆಂಪು ಹಾಳೆಯ ಚಿತ್ರ ಒಂದೇ. ಶರತ್ಕಾಲದೊಳಗೆ ಕೊಡದಿದ್ದರೆ ಅಪೂರ್ಣವೆಂದು ಪಟ್ಟಿಯಿಂದ ತೆಗೆಯುತ್ತಾರೆ. ನಿಮ್ಮ ತಮ್ಮನಿಗಾಗಿ ಇಷ್ಟು ಮಾಡುತ್ತೀರಲ್ಲ?

ನಿಮ್ಮ
ಲುತ್ಫಿ


ಅಲೆಕ್ಸಾಂಡ್ರಿಯಾ
3 ಜೂನ್ 2016

ಲುತ್ಫಿ,

ನನಗೆ ತಮ್ಮ ಅಂತ ಇದ್ದವನು ಒಬ್ಬನೇ. ಆ ಮಾತನ್ನು ಇನ್ನೊಮ್ಮೆ ಬರೆಯಬೇಡ.

ಇವತ್ತು ಮನೆ ತೊಳೆದೆ. ಅಮ್ಮನಿಗೆ ತಲೆ ಬಾಚಿ ನೀಲಿ ಅಂಗಿ ಹಾಕಿದೆ. "ಮಂಜು ಹೋಯ್ತಮ್ಮ, ಬಾ" ಅಂದೆ. ಗೋಡೆ ಹಿಡಿದು ಹಿಡಿದು ಬಂದು ಕುಳಿತಳು. ಡಿಸ್ಕು ಒಂದೇ ಸಲಕ್ಕೆ ಎದ್ದಿತು. ಕೆಂಪು ಹಾಳೆ ನೋಡಿ ಗುರುತು ಒತ್ತಿದೆ. ಖಾಲಿ ಸಮುದ್ರ ಬಂತು. ಹಡಗಿಲ್ಲ. ಕೆಳಗೆ, 'ಕಪ್ತಾನನ ಹೆಸರೇನು?' ಎಂದು ಕಣ್ಣು ಮಿಟುಕಿಸುತ್ತಿದೆ.

ಅಮ್ಮ ಓದಿದಳು. ಅವಳಿಗೆ ಓದು ಮರೆತಿಲ್ಲ. "ಹೆಸರೇನು ಅಂತ ಕೇಳ್ತಿದಾರಲ್ಲೇ? ಅವನ ಹೆಸರೇ ಗೊತ್ತಿಲ್ವಾ ಇವ್ರಿಗೆ? ಹಡಗೆಲ್ಲಿ? ಮುಳುಗ್ತಾ? ಸುಹೈರ್, ಮುಳುಗ್ತಾ ಹೇಳೇ!" ಎಂದು ಕಿರುಚಿದಳು. ಕೆಳಗಿನ ಮನೆಯವರು ಓಡಿ ಬಂದರು. ನಾನು ಅದೇ ಡಿಸ್ಕು ತೆಗೆದು ಹಾಕಿ, ತೆಗೆದು ಹಾಕಿ ನೋಡಿದೆ, ಮೂರ್ಖಳ ಹಾಗೆ. ಕೊನೆಗೆ ಡಾಕ್ಟರು ಬಂದು ಸೂಜಿ ಚುಚ್ಚಿ ಮಲಗಿಸಿದರು.

ನೀನು ಮಾಡಿದ್ದೇನು? ನನ್ನ ಮೊದಲನೆಯ ಕಾಗದದಲ್ಲಿ ನಾನು ಏನು ಕೇಳಿದ್ದೆ? ಅದರಲ್ಲಿ ಒಂದಕ್ಷರ ಅರ್ಥವಾಗದ ಹಾಗೆ ಇತ್ತೇ? ಹಡಗು ಎಲ್ಲಿದೆ? ಹಾಳೆಯ ಸುದ್ದಿ ಎತ್ತಿದರೆ ನಾಲಿಗೆ ಕಿತ್ತೇನು. ನನ್ನ ಡಿಸ್ಕು ವಾಪಸು ಕಳಿಸು, ಬೂಷ್ಟಿನ ಸಮೇತ ಆದರೂ ಸರಿ.

ಸುಹೈರ್


ಕುವೈತ್
24 ಜೂನ್ 2016

ಸುಹೈರ್ ಮೇಡಂ,

ನೀವು ಬಳಸಿದ ಮಾತುಗಳಿಗೆ ನಾನು ಅದೇ ಧಾಟಿಯಲ್ಲಿ ಉತ್ತರ ಕೊಡುವುದಿಲ್ಲ. ರಂಜಾನ್ ತಿಂಗಳು.

ಹಳೆಯ ಡಿಸ್ಕು ಕಳಿಸಿಯೂ ಪ್ರಯೋಜನವಿಲ್ಲ. ಅಂಟುಪಟ್ಟಿ ಬಿಚ್ಚಿ, ದಮಾಸ್ಕಸ್ ಡಿಸ್ಕಿನ ಶುದ್ಧವಾದ ಸುತ್ತನ್ನು ತೆಗೆದು ನಿಮ್ಮದರ ಮೇಲೆ ಬರೆದೆ. ಅದರಲ್ಲಿ ಚೆನ್ನಾಗಿ ಉಳಿದದ್ದು ಅದೇ ಸುತ್ತು, ನಿಮ್ಮದರಲ್ಲಿ ಕೆಟ್ಟದ್ದೂ ಅದೇ ಸುತ್ತು. ನನ್ನ ಯಂತ್ರ ಬರೆದರೆ ಬಳಗದವರಿಗೂ ಹೊಲಿಗೆ ಕಾಣುವುದಿಲ್ಲ. ಆ ಉಳಿಸಿಟ್ಟ ಪಯಣವಿದ್ದ ಹಳೆಯ ಸುತ್ತನ್ನು ನಾನು ಇಟ್ಟುಕೊಂಡಿಲ್ಲ. ಅದು ಯಾರೋ ಒಬ್ಬ ಆಡಿ ಬಿಟ್ಟುಹೋದ ಎಂಜಲು. ವಸ್ತುಸಂಗ್ರಹಾಲಯದವರು ನೋಡಲು ಬಂದವರ ಚಪ್ಪಲಿಯ ಧೂಳನ್ನು ಎತ್ತಿಡುತ್ತಾರೆಯೇ? ಆ ಆಟ ಇಡೀ ಅರಬ್ ಜನರ ಆಸ್ತಿ. ಅದನ್ನು ಒಬ್ಬ ಮುದುಕಿಯ ಶುಕ್ರವಾರಕ್ಕಾಗಿ ಹಾಳು ಬಿಡಬೇಕಾಗಿತ್ತೇ?

ಇನ್ನೊಂದು ಮಾತು, ನಿಷ್ಠುರ ಎನಿಸಿದರೂ ಹೇಳುತ್ತೇನೆ. ನಾಲ್ಕು ವರ್ಷ ಹೆತ್ತ ತಾಯಿಗೆ ಬೊಂಬೆ ತೋರಿಸಿ ಮೋಸ ಮಾಡಿದ್ದು ನಾನಲ್ಲ, ನೀವು. ಅವರಿಗೆ ನಿಜ ಹೇಳಿ. ಒಂದು ದಿನ ಅಳುತ್ತಾರೆ, ಮರುದಿನ ಮರೆಯುತ್ತಾರೆ. ಅವರ ಕಾಯಿಲೆಯೇ ಅದು.

ಕೆಂಪು ಹಾಳೆ ನಿಮಗೆ ಇನ್ನು ಯಾವ ಉಪಯೋಗಕ್ಕೂ ಇಲ್ಲ. ದಯವಿಟ್ಟು ಕಳಿಸಿಕೊಡಿ.

ಲುತ್ಫಿ ಅಲ್-ದಮನ್‌ಹೂರಿ


ಅಲೆಕ್ಸಾಂಡ್ರಿಯಾ
10 ಜುಲೈ 2016

ಲುತ್ಫಿ,

ಈದ್ ಮುಗಿಯಿತು. ಅಮ್ಮ ಈಗ ಹಡಗು ಕೇಳುವುದಿಲ್ಲ. ಆದರೂ ನನಗೆ ಅದು ಬೇಕು.

ಇಟ್ಟುಕೊಂಡಿಲ್ಲ ಎನ್ನುವುದು ಸುಳ್ಳು. ಮಿಠಾಯಿಯ ಬಣ್ಣದ ಕಾಗದವನ್ನು ಕೂಡ ಇಸ್ತ್ರಿ ಮಾಡಿ ಪುಸ್ತಕದಲ್ಲಿ ಇಡುತ್ತಿದ್ದ ಹುಡುಗ ನೀನು. ನೀನು ಏನನ್ನೂ ಬಿಸಾಡುವವನಲ್ಲ. ಡಿಸ್ಕಿನಿಂದ ಮೊದಲು ಓದಿಕೊಂಡದ್ದನ್ನೆಲ್ಲ ಎಲ್ಲೋ ಒಂದು ಕಡೆ ಅಡಗಿಸಿ ಇಟ್ಟಿದ್ದೀಯ. ಅದು ಹೊರಗೆ ಬಂದರೆ ಡಿಸ್ಕು ಕೈಯಾಡಿದ್ದೆಂದು ಗೊತ್ತಾಗುತ್ತದೆ ಎಂಬ ಹೆದರಿಕೆ ನಿನಗೆ.

ನಾನು ಮೂವತ್ತು ವರ್ಷ ಮಕ್ಕಳಿಗೆ ಫ್ರೆಂಚ್ ಕಲಿಸಿದವಳು. ನಿನ್ನ ಯುರೋಪಿನವರಿಗೆ ಒಂದು ಪುಟ ಬರೆಯಲು ನನಗೆ ನಿಘಂಟೂ ಬೇಡ. ದಮಾಸ್ಕಸ್ ಹೊಲಿಗೆಯ ವಿಷಯ ನೀನೇ ನಿನ್ನ ಕೈಯಾರೆ ಬರೆದು ಸಹಿ ಹಾಕಿದ್ದೀಯ. ಉಂಡ ಮನೆಯ ಜಂತೆ ಎಣಿಸುವವನಿಗೆ ಇಷ್ಟಾದರೂ ಬುದ್ಧಿ ಇರಬೇಕಿತ್ತು.

ಹಡಗು ನನ್ನ ಮನೆಗೆ ಬಂದರೆ ಹಾಳೆ ನಿನ್ನ ಮನೆಗೆ ಬರುತ್ತದೆ.

ಸುಹೈರ್


ಕುವೈತ್
29 ಜುಲೈ 2016

ಪ್ರೀತಿಯ ಅಕ್ಕ,

ದೇವರ ದಯೆ! ಹಳೆಯ ಯಂತ್ರ ಒಂದನ್ನು ಕೆದಕುತ್ತಿದ್ದಾಗ ಆ ಮೊದಲ ಓದು ಆಕಸ್ಮಿಕವಾಗಿ ಸಿಕ್ಕಿತು. ನಾನು ಅಳಿಸಿದ್ದೇನೆ ಎಂದೇ ತಿಳಿದಿದ್ದೆ, ಆಣೆ ಮಾಡುತ್ತೇನೆ. ನಿಮಗಾಗಿ ಅದನ್ನು ಹೊಸ ಡಿಸ್ಕಿಗೆ ಬರೆದು ಕಳಿಸಿದ್ದೇನೆ. ಹಚ್ಚಿ ನೋಡಿದೆ. ಕಪ್ತಾನ ವಗೀಹ್, ಹಡಗು ಉಮ್ ವಗೀಹ್, ಸಮುದ್ರ ಶಾಂತ. ನಾನು ಯಾವ ಕೀಲಿಯನ್ನೂ ಮುಟ್ಟಿಲ್ಲ.

ಉಮ್ ವಗೀಹ್ ಅವರು ಹಡಗು ಕೇಳುವುದನ್ನು ಬಿಟ್ಟಿದ್ದಾರೆಂದು ಓದಿ ಮನಸ್ಸು ಹಗುರವಾಯಿತು. ನಾನು ಹೇಳಲಿಲ್ಲವೇ? ನೀವೇ ಸುಮ್ಮನೆ ಹೆದರಿದ್ದಿರಿ. ವಯಸ್ಸಾದವರು ನಾವು ಅಂದುಕೊಂಡದ್ದಕ್ಕಿಂತ ಗಟ್ಟಿ.

ಅಕ್ಕ, ಬಳಗದವರಿಗೆ ಬರೆಯಬೇಡಿ. ನನಗೆ ಹೆಂಡತಿ ಇಲ್ಲ, ಮಕ್ಕಳಿಲ್ಲ, ಇಲ್ಲಿ ಆಫೀಸಿನಲ್ಲಿ ಲೆಕ್ಕ ಬರೆಯುವ ಗುಮಾಸ್ತ ನಾನು. ಅಮ್ಮ ಬೀದಿಯಲ್ಲಿ ಹೇಳಿಕೊಳ್ಳುವ ದೊಡ್ಡ ಮನುಷ್ಯ ಆ ಪಟ್ಟಿಯ ಒಂದು ಸಾಲಿನಲ್ಲಿ ಮಾತ್ರ ಇದ್ದಾನೆ. ಡಿಸ್ಕು ತಂದವರ ಕೈಯಲ್ಲೇ ಹಾಳೆ ಕೊಟ್ಟು ಕಳಿಸಿ. ಮಡಚಬೇಡಿ, ರಟ್ಟಿನ ನಡುವೆ ಇಡಿ.

ನಿಮ್ಮ ಮನೆಯ ಉಪ್ಪು ತಿಂದವನು,
ಲುತ್ಫಿ


ಅಲೆಕ್ಸಾಂಡ್ರಿಯಾ
19 ಆಗಸ್ಟ್ 2016

ಲುತ್ಫಿ,

ಹಡಗು ಬಂತು. ಕೊಟ್ಟ ಮಾತಿನಂತೆ ಹಾಳೆಯನ್ನೂ ಕಳಿಸಿದ್ದೇನೆ. ಪ್ಲಾಸ್ಟಿಕ್ ಚೀಲದಲ್ಲಿರುವ ಬೆಳ್ಳಗಿನ ಮುದ್ದೆ ಅದೇ. ಬ್ಲೀಚ್ ಹಾಕಿ ವಾಷಿಂಗ್ ಮಷೀನಿನಲ್ಲಿ ಎರಡು ಸಲ ತಿರುಗಿಸಿದೆ. ಗುರುತಿಲ್ಲ, ಮಸಿಯಿಲ್ಲ, ಯಾರ ಬೆರಳಿನ ಕಲೆಯೂ ಇಲ್ಲ. ಕಾಗದದ ಗಿರಣಿಗೆ ಬರುವ ಮುಂಚೆ ಹೇಗಿತ್ತೋ ಹಾಗೆ ಮಾಡಿಕೊಟ್ಟಿದ್ದೇನೆ, ನಿನಗೆ ಅಂಥದ್ದೇ ಇಷ್ಟವಲ್ಲ?

ಬಳಗದವರಿಗೆ ಬರೆಯಲಿಲ್ಲ. ಬರೆಯುವುದೂ ಇಲ್ಲ. ಶರತ್ಕಾಲದಲ್ಲಿ ಅವರೇ ನಿನ್ನ ಹೆಸರು ಹೊಡೆದುಹಾಕುವಾಗ ನೀನೊಬ್ಬನೇ ಕುಳಿತು ನೋಡು. ನಾನು ಬಿಡಿಸಿಕೊಟ್ಟ ಮೊದಲ ಸಾಲನ್ನು ಚೌಕಟ್ಟು ಹಾಕಿಸಿ ಗೋಡೆಗೆ ತಗುಲಿಸಿಕೋ.

ಹಡಗು ಬಂದಮೇಲೂ ಹೀಗೆ ಮಾಡಿದಳಲ್ಲ, ಎಂಥ ಹೆಂಗಸು ಎನ್ನುತ್ತೀಯ. ಹೇಳುತ್ತೇನೆ, ಕೇಳು.

ಈದಿನ ಎರಡನೆಯ ದಿನ. ಅಮ್ಮ ಮೂರು ದಿನದಿಂದ ಊಟ ಬಿಟ್ಟಿದ್ದಳು, ಹಡಗು ತೋರಿಸುವವರೆಗೆ ಅನ್ನ ಮುಟ್ಟಲ್ಲ ಅಂತ. ಈದಿಗೆ ಮಾಡಿದ ಕಹಕ್ ಬಿಸ್ಕತ್ತನ್ನು ಬಾಯಿಗಿಟ್ಟರೆ ನನ್ನ ಮುಖದ ಮೇಲೆ ಉಗುಳಿದಳು. "ನೀನೇ ಮುಳುಗಿಸಿದೀಯ ಅವನ್ನ" ಅಂದಳು. ನಿನ್ನ ಕಾಗದ ಮೇಜಿನ ಮೇಲಿತ್ತು. ಒಂದು ದಿನ ಅಳುತ್ತಾರೆ, ಮರುದಿನ ಮರೆಯುತ್ತಾರೆ ಎಂದು ಬರೆದಿದ್ದೆಯಲ್ಲ. ನನಗೆ ಸಾಕಾಗಿಹೋಗಿತ್ತು. ಅವಳ ಎರಡೂ ಭುಜ ಹಿಡಿದು ಅಲ್ಲಾಡಿಸಿ ಹೇಳಿದೆ: "ಅವನು ಸತ್ತೋದ ಕಣೇ! ಬಸ್ಸು ಹೊಡೀತು! ನೀನೇ ಹಣೆಗೆ ಮುತ್ತಿಟ್ಟು ಕಳಿಸಿದೆ, ನೀನೇ ಅತ್ತೆ! ಸತ್ತೋದ!" ಅಮ್ಮ ಬಾಯಿ ತೆರೆದುಕೊಂಡು ನನ್ನನ್ನೇ ನೋಡಿದಳು. ಆಮೇಲೆ ಮೆಲ್ಲಗೆ, "ಯಾವಾಗ?" ಅಂದಳು. ನಾನು ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಂಡೆ.

ಮರುದಿನ ಮರೆಯಲಿಲ್ಲ. ಬೆಳಗಿನ ತಿಂಡಿ ಮರೆಯುವವಳು, ನನ್ನ ಹೆಸರು ಮರೆತವಳು, ಅದೊಂದನ್ನು ಮರೆಯಲಿಲ್ಲ. ದಿನಾ ಬೆಳಿಗ್ಗೆ ಎದ್ದು ಕಪ್ಪು ಬಟ್ಟೆ ಕೇಳುತ್ತಾಳೆ. ಅವಳ ಪಾಲಿಗೆ ಮಗ ಹೋದದ್ದು ನಿನ್ನೆ. ಪ್ರತಿದಿನವೂ ನಿನ್ನೆಯೇ.

ಹಡಗು ಕಂಡರೆ ಮತ್ತೆ ಮೊದಲಿನ ಹಾಗೆ ಆದಾಳು ಎಂಬ ಆಸೆಯಿಂದ ನಿನ್ನ ಜೊತೆ ಆ ಚೌಕಾಸಿ ಮಾಡಿದೆ. ಮೊನ್ನೆ ಡಿಸ್ಕು ಬಂದ ಕೂಡಲೇ ಹಚ್ಚಿದೆ. ಎಲ್ಲ ಇತ್ತು, ನೀನು ಹೇಳಿದ ಹಾಗೆ ಒಂದು ಹಲಗೆಯೂ ಅಲ್ಲಾಡಿರಲಿಲ್ಲ. "ನೋಡಮ್ಮ, ವಗೀಹ್‌ನ ಹಡಗು. ಸಮುದ್ರ ಶಾಂತ ಇದೆ" ಅಂದೆ. ಅಮ್ಮ ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಕೈ ಹಿಡಿದು ಸವರುತ್ತ ಹೇಳಿದಳು: "ನನ್ಮಗ ಹೋಗ್ಬಿಟ್ಟ ಕಣಮ್ಮ. ಅಯ್ಯೋ ಪಾಪ, ನಿಂಗಿನ್ನೂ ಯಾರೂ ಹೇಳಿರ್ಲಿಲ್ವಾ? ಅಳ್ಬೇಡ, ಅಳ್ಬೇಡ. ನಿಂಗೆ ಅವನು ಏನಾಗ್ಬೇಕಿತ್ತು?"

"ತಮ್ಮ" ಅಂದೆ. ಅವಳಿಗೆ ಅರ್ಥವಾಗಲಿಲ್ಲ.

ಸಾವಿನ ಮನೆಗೆ ಬಂದವರಿಗೆ ಸಕ್ಕರೆಯಿಲ್ಲದ ಕಾಫಿ ಕೊಡಬೇಕೆಂದು ಅವಳಿಗೆ ಚೆನ್ನಾಗಿ ನೆನಪಿದೆ. ದಿನಾ ಮಧ್ಯಾಹ್ನ ಕಪ್ಪು ಬಟ್ಟೆ ಉಟ್ಟು ಹಜಾರದಲ್ಲಿ ಕೂತು, ನನ್ನಿಂದ ಕಹಿ ಕಾಫಿ ಮಾಡಿಸಿ, ಬಟ್ಟಲುಗಳನ್ನು ಸಾಲಾಗಿ ಇಡಿಸುತ್ತಾಳೆ. ಯಾರೂ ಬರುವುದಿಲ್ಲ. ಇಪ್ಪತ್ತೈದು ವರ್ಷದ ಹಿಂದೆ ಸತ್ತವನಿಗೆ ಈಗ ಯಾರು ಬರುತ್ತಾರೆ? ನಾನೇ ಹೊರಗೆ ಹೋಗಿ ಬಾಗಿಲು ತಟ್ಟಿ, ಒಳಗೆ ಬಂದು, ಎದುರಿಗೆ ಕೂತು ಕುಡಿಯುತ್ತೇನೆ. "ಅವನ ಗೆಳೆಯರು ಒಬ್ರೂ ಬರ್ಲಿಲ್ಲ ನೋಡಮ್ಮ, ಎಲ್ರಿಗೂ ಊಟ ಹಾಕಿದ್ದೆ" ಎಂದು ನನ್ನ ಹತ್ತಿರ ದೂರು ಹೇಳುತ್ತಾಳೆ. ನಿನ್ನ ಹೆಸರನ್ನೂ ಹೇಳಿದಳು.

ರಜೆಗೆ ಊರಿಗೆ ಬಂದಾಗ ಮಧ್ಯಾಹ್ನದ ಹೊತ್ತಿಗೆ ಬಾ. ಬಾಗಿಲು ತೆರೆದೇ ಇರುತ್ತದೆ. ನಿನ್ನ ಬಟ್ಟಲು ಇಟ್ಟಿರುತ್ತೇನೆ.

ಸುಹೈರ್